ಮೂರನೆಯ ಕೂಗು

ಮಾರ್ಚ್ ೩, ಮಂಗಳವಾರ

ಇವತ್ತು ಮಧ್ಯಾಹ್ನ ಯಾರೋ ರಸ್ತೆಯಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿದರು.

ತಿತಿನ್ ಎಂದಲ್ಲ. ತಿತಿನ್ ಎಂದಿದ್ದರೆ ಕೈಗೆ ಮೆತ್ತಿದ್ದ ಹಿಟ್ಟನ್ನೂ ತೊಳೆಯದೆ ಹೊರಗೆ ಹೋಗುತ್ತಿದ್ದೆ. "ಕ್ಲೋತಿಲ್ಡಾ ಪ್ರೊಸ್ಪೇರ್!" ಎಂದು ಕೂಗಿದರು. ಪಾದ್ರಿ ಇಟ್ಟ ಹೆಸರು, ಅದರ ಬೆನ್ನಿಗೆ ಗಂಡನ ಮನೆತನದ ಹೆಸರು. ಈ ಓಣಿಯಲ್ಲಿ ಆ ಹೆಸರನ್ನು ಯಾರ ಬಾಯಲ್ಲೂ ನಾನು ಕೇಳಿದ್ದಿಲ್ಲ. ಹೆತ್ತ ಅಮ್ಮ ಕೂಡ ಒಂದು ದಿನ ಹಾಗೆ ಕರೆದವಳಲ್ಲ. ಪಾದ್ರಿ ಹೆಸರು ಪೆಟ್ಟಿಗೆಯಲ್ಲಿಡೋಕೆ, ಓಣಿ ಹೆಸರು ಓಡಾಡೋಕೆ, ನಿಜದ ಹೆಸರು ಹೊರಗಿನ ಕಿವಿಗೆ ಬಿದ್ರೆ ಕೇಡು ಎನ್ನುತ್ತಿದ್ದಳು.

ಬಾಣಲೆಯಲ್ಲಿ ಉಪ್ಪುಮೀನಿನ ವಡೆ ಬೇಯುತ್ತಿತ್ತು, ಹಾಗೇ ಬಿಟ್ಟು ಬಾಗಿಲ ಹಿಂದೆ ಹೋಗಿ ನಿಂತೆ. ಎರಡನೆಯ ಸಲವೂ ಕೂಗಿದರು. ಗಂಡಸಿನ ದನಿ, ನಮ್ಮ ಊರಿನವನದಲ್ಲ. ಅಮ್ಮ ಹೇಳಿಕೊಟ್ಟದ್ದು ನೆನಪಾಯಿತು. ಮುಖ ಕಾಣದವರು ರಸ್ತೆಯಿಂದ ನಿಜದ ಹೆಸರು ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೂಡದು. ಮನುಷ್ಯನಾದರೆ ಮೂರನೆಯ ಸಲವೂ ಕೂಗುತ್ತಾನೆ. ಬೇರೆಯದಾದರೆ ಎರಡಕ್ಕೇ ಮುಗಿಸಿ ಹೋಗುತ್ತದೆ. ಅಷ್ಟರೊಳಗೆ ಓ ಎಂದವರ ಉಸಿರನ್ನೂ ಕಟ್ಟಿಕೊಂಡು ಹೋಗುತ್ತದೆ.

ಮೂರನೆಯ ಕೂಗಿಗೆ ಕಾದೆ. ಬರಲಿಲ್ಲ. ವಡೆ ಸೀದು ಮನೆಯೆಲ್ಲ ಹೊಗೆ. ಪಟ್ಟಣದಲ್ಲಿ, ಕ್ಯಾಸ್ತ್ರಿಯ ಅಂಗಿ ಕಾರ್ಖಾನೆಯಲ್ಲಿ ಮೆಷಿನ್ನು ತುಳಿದವಳು, ಮ್ಯಾನೇಜರನ ಎದುರಿಗೇ ಕೈ ತಿರುವಿ ಮಾತಾಡಿದವಳು ನಾನು. ಅರವತ್ತು ದಾಟಿದ ಮೇಲೆ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತೆನಲ್ಲ ಎಂದು ನಾಚಿಕೆಯಾಯಿತು. ಆದರೂ ಸಂಜೆಯವರೆಗೆ ಚಿಲಕ ತೆಗೆಯಲಿಲ್ಲ.

ಮಾರ್ಚ್ ೪, ಬುಧವಾರ

ಹೆದರಿದ್ದೇ ದಂಡ. ಬಂದದ್ದು ಮನುಷ್ಯನೇ.

ಬೀದಿ ನಲ್ಲಿಯ ಹತ್ತಿರ ಎದುರು ಮನೆಯ ಬೊಬೊಯ್ ಸಿಕ್ಕಿದ. ಅವನಿಗೆ ಹೇಳುವ ಮೊದಲೇ ನಗು.

"ತಿತಿನಕ್ಕಾ, ನಿನ್ನೆ ಒಬ್ಬ ಟೈ ಕಟ್ಕೊಂಡು ಬಂದಿದ್ದ, ಕೈಯಲ್ಲಿ ಒಂದು ರಟ್ಟು, ಅದರ ಮೇಲೆ ಕಾಗದ. ಯಾರೋ ಕ್ಲೋ... ಕ್ಲೋತಿಲ್ಡಾನೋ ಎಂಥದೋ, ಅವಳ ಮನೆ ಯಾವುದು ಅಂತ ಕೇಳ್ದ. ಸಾಲ ವಸೂಲಿಗೆ ಬಂದವನೇ ಸೈ, ಬೂಟು ನೋಡಿದ್ರೇ ಗೊತ್ತಾಗಲ್ವಾ? ಆ ಹೆಸರಿನವರು ಈ ಆನ್ಸ್ ಕನೆಲ್‌ನಲ್ಲಿ ಹುಟ್ಟೇ ಇಲ್ಲ ಕಣಯ್ಯಾ, ಮುಂದಿನ ಕೊಲ್ಲಿಗೆ ಹೋಗಿ ಕೇಳು ಅಂದೆ."

ಅವನ ಮಾತು ನಿಲ್ಲುತ್ತಿಲ್ಲ.

"ಜಗಲಿ ಮೇಲೆ ಕೂತಿದ್ದ ಮಾ ಜಿಜಿ ಅಜ್ಜಿಯಂತೂ ಶಿಲುಬೆ ಮುಟ್ಟಿ ಹೇಳಿಬಿಟ್ಲು. ಎಂಬತ್ತು ವರ್ಷದಿಂದ ಇಲ್ಲೇ ಕೂತಿದೀನಿ, ಅಂಥ ಹೆಂಗಸು ಈ ಓಣೀಲಿ ಇಲ್ಲ ಅಂತ. ಪಾಪ, ಬರ್ಕೊಂಡು ಹೋದ."

"ಬೊಬೊಯ್, ಅದು ನಾನು ಕಣೋ."

ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ನೀನಾ? ನೀನು ತಿತಿನ್ ಅಲ್ವಾ?"

ಆ ಟೈ ಕಟ್ಟಿದವನು ಚುನಾವಣೆ ಕಚೇರಿಯವನು. ಗಂಡ ಸತ್ತ ಮೇಲೆ ಕಳೆದ ವರ್ಷ ಪಟ್ಟಣ ಬಿಟ್ಟು ಅಮ್ಮನ ಈ ಮನೆಗೆ ಬಂದೆ. ಜನವರಿಯಲ್ಲಿ ನನ್ನ ಓಟನ್ನೂ ಇಲ್ಲಿಗೆ ಬದಲಾಯಿಸಿ ಎಂದು ಅರ್ಜಿ ಕೊಟ್ಟೆ. ಆಗ ಒಂದು ಕೈಪಿಡಿ ಕೊಟ್ಟಿದ್ದರು, 'ಮತದಾರ ನಿವಾಸಿಗಳಿಗೆ ಮಾರ್ಗದರ್ಶಿ' ಎಂದು. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಹಾಕಿಟ್ಟಿದ್ದೆ. ಇವತ್ತು ತೆಗೆದು ಓದಿದೆ. 'ನಮ್ಮ ಸಿಬ್ಬಂದಿ ನಿಮ್ಮ ಮನೆಗೆ ಭೇಟಿ ನೀಡಿ, ನೆರೆಹೊರೆಯವರನ್ನು ವಿಚಾರಿಸಿ, ನೀವು ಅಲ್ಲಿ ವಾಸವಿರುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ದಯವಿಟ್ಟು ಸಹಕರಿಸಿ.'

ಸಹಕರಿಸಿದೆವಲ್ಲ, ಇಡೀ ಓಣಿಯೇ ಒಟ್ಟಾಗಿ ಸಹಕರಿಸಿದೆವು.

ಬೊಬೊಯ್‌ನ ಪಾದ್ರಿ ಹೆಸರೇನೆಂದು ಕೇಳಿದೆ. ಅವನ ನಗು ಅಲ್ಲಿಗೇ ನಿಂತಿತು. "ಅದೆಲ್ಲ ನಿನಗ್ಯಾಕೆ ಈಗ?" ಎಂದು ಬಕೆಟ್ಟು ಎತ್ತಿಕೊಂಡು ಹೋದ.

ಮಾರ್ಚ್ ೯, ಸೋಮವಾರ

ಕಚೇರಿಯ ಫೋನು ಯಾರೂ ಎತ್ತುವುದಿಲ್ಲ. ಎತ್ತಿದರೂ ಸಂಗೀತ ಹಾಕಿ ಕೂರಿಸುತ್ತಾರೆ.

ಆ ಟೈಯವನು ಮತ್ತೆ ಬಂದಾನೆಂದು ದಿನಾ ಬೆಳಿಗ್ಗೆ ಬಟ್ಟೆ ಒಗೆದು ರಸ್ತೆಗೆ ಕಾಣುವಂತೆ ಹರವುತ್ತಿದ್ದೇನೆ. ಒಗೆಯುವ ಬಟ್ಟೆ ಮುಗಿದಿದೆ. ಇವತ್ತು ಒಗೆದದ್ದನ್ನೇ ಮತ್ತೆ ನೆನೆಸಿದೆ. ಈ ಮನೆಯಲ್ಲಿ ಒಬ್ಬಳು ಬದುಕಿದ್ದಾಳೆ ಎಂದು ಹಗ್ಗದ ಮೇಲಿನ ಲಂಗಗಳಾದರೂ ಹೇಳಲಿ.

ಮಾರ್ಚ್ ೧೨, ಗುರುವಾರ

ಬಂತು. ಅಂಚೆಯವಳು ಕೈಗೇ ಕೊಟ್ಟು ಸಹಿ ಹಾಕಿಸಿಕೊಂಡಳು.

'ಕ್ಲೋತಿಲ್ಡಾ ಪ್ರೊಸ್ಪೇರ್ ಎಂಬ ವ್ಯಕ್ತಿಯು ಸದರಿ ವಿಳಾಸದಲ್ಲಿ ವಾಸವಾಗಿಲ್ಲವೆಂದು ಆಕ್ಷೇಪಣೆ ಸಲ್ಲಿಕೆಯಾಗಿದೆ.' ಆ ವಿಳಾಸದಲ್ಲಿಲ್ಲದವಳಿಗೆ ಅದೇ ವಿಳಾಸಕ್ಕೆ ಕಾಗದ ಕಳಿಸಿದ್ದಾರೆ, ಅದು ತಲುಪಿಯೂ ಇದೆ. ನಗಬೇಕು ಎಂದುಕೊಂಡೆ, ನಗು ಬರಲಿಲ್ಲ.

ಆಕ್ಷೇಪಣೆ ಹಾಕಿದವನು ಎವರಿಸ್ತ್ ಪೋಲಿಯಸ್, ಈ ಕೊಲ್ಲಿಯಲ್ಲಿ ಕಂದೀಲು ಪಕ್ಷದ ಏಜೆಂಟ್. ಚಿಕ್ಕಂದಿನಲ್ಲಿ ನನ್ನ ಜೊತೆ ಏಡಿ ಹಿಡಿದವನು. ವಿಚಾರಣೆ ಇಪ್ಪತ್ತಾರಕ್ಕೆ, ಶಿಶುಶಾಲೆಯಲ್ಲಿ. ಇದೇ ಮತಗಟ್ಟೆಯ ಪಟ್ಟಿಯಲ್ಲಿರುವ ಒಬ್ಬರನ್ನು ಸಾಕ್ಷಿಯಾಗಿ ಕರೆತರಬೇಕು. ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ. ಕೊನೆಯಲ್ಲಿ ಸಣ್ಣ ಅಕ್ಷರ: ಸುಳ್ಳು ವಿಳಾಸ ಕೊಟ್ಟದ್ದು ರುಜುವಾತಾದರೆ ದಂಡ, ಅಥವಾ ಸೆರೆವಾಸ, ಅಥವಾ ಎರಡೂ.

ಸೆರೆವಾಸ ಎಂಬುದನ್ನು ಎಷ್ಟು ಸಲ ಓದಿದೆನೋ. ಈ ಮನೆಯ ಹಿಂದಿನ ಕೋಣೆಯಲ್ಲಿ ಹುಟ್ಟಿದವಳು ನಾನು. ಅಪ್ಪ ಅಮ್ಮ ಇಬ್ಬರೂ ಇದೇ ಗುಡ್ಡದ ಸ್ಮಶಾನದಲ್ಲಿದ್ದಾರೆ. ಪಟ್ಟಣದವರಿಗೆ ನಾನು ಸತ್ತವನ ಹೆಂಡತಿ, ಅಲ್ಲಿಯ ಪಟ್ಟಿಯಿಂದ ಆಗಲೇ ತೆಗೆದಿದ್ದಾರೆ. ಇಲ್ಲಿಯವರೂ ತೆಗೆದರೆ ನಾನು ಎಲ್ಲಿಯವಳು? ಎಲ್ಲಿಯವಳೂ ಅಲ್ಲ. ಅದೇ ನನಗೆ ಸೆರೆಮನೆಗಿಂತ ಹೆದರಿಕೆ.

ಮಾರ್ಚ್ ೧೪, ಶನಿವಾರ

ಎವರಿಸ್ತ್ ತಾನೇ ಬಂದ. ಮೆಟ್ಟಿಲ ಕೆಳಗೇ ನಿಂತು ಟೋಪಿ ತೆಗೆದ.

"ತಿತಿನ್, ದೇವರಾಣೆ ಅದು ನೀನು ಅಂತ ನನಗೆ ಗೊತ್ತಿರಲಿಲ್ಲ. ಟೈ ಹಾಕಿದವನು ವಾಸ ಇಲ್ಲದವರ ಹೆಸರು ಅಂತ ಒಂದಿಷ್ಟು ಓದ್ದ. ಪಟ್ಟಣದಿಂದ ಬಸ್ಸಲ್ಲಿ ತಂದು ತುಂಬೋ ದೋಣಿ ಪಕ್ಷದ ಓಟುಗಳು ಇವು ಅಂದ್ಕೊಂಡು ಎಲ್ಲದಕ್ಕೂ ಆಕ್ಷೇಪಣೆ ಹಾಕ್ದೆ."

"ಈಗ ಗೊತ್ತಾಯ್ತಲ್ಲ. ವಾಪಸ್ ತಗೋ."

ಅವನು ಟೋಪಿಯ ಅಂಚು ತಿರುಗಿಸುತ್ತಾ ನಿಂತ. "ಒಂದು ವಾಪಸ್ ತಗೊಂಡ್ರೆ ಉಳಿದವೂ ಸುಳ್ಳು ಅಂತಾರೆ. ಪಟ್ಟಣದ ನಮ್ಮ ದೊಡ್ಡೋರು ನನ್ನ ಚರ್ಮ ಸುಲೀತಾರೆ. ನೀನೇ ಅರ್ಜಿ ಹಿಂದಕ್ಕೆ ತಗೊಂಡುಬಿಡು. ಒಂದು ಸಹಿ. ಮುಂದಿನ ಸಲ ನಾನೇ ನಿಂತು ನೋಂದಣಿ ಮಾಡಿಸ್ತೀನಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಆ ಹಾವು ನಾನೇನೋ?"

"ವಿಚಾರಣೆಗೆ ಹೋಗಿ ಸಾಕ್ಷಿ ಸಿಗದೇ ಹೋದ್ರೆ ಅದು ಸುಳ್ಳು ಹೇಳಿಕೆ ಆಗುತ್ತೆ, ತಿತಿನ್. ಕಾನೂನು. ನಾನು ಮಾಡಿದ್ದಲ್ಲ." ದನಿ ಮೆತ್ತಗಿತ್ತು. "ಯಾರು ಬರ್ತಾರೆ ನಿನಗೆ ಸಾಕ್ಷಿಗೆ? ನೀನೇ ಯೋಚನೆ ಮಾಡು."

ಅವನು ಜೋರು ಮಾಡಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಮೆತ್ತಗೆ ಮಾತಾಡಿ ಹೋದ.

ಮಾರ್ಚ್ ೧೭, ಮಂಗಳವಾರ

ಈಸ್ಟರ್ ಬರುತ್ತಿದೆ, ಅದರ ಹಿಂದೆಯೇ ಚುನಾವಣೆ. ರಸ್ತೆ ಬದಿಯ ಪೊದೆ ಕಡಿಯುವ ಸರ್ಕಾರಿ ಕೂಲಿ ಶುರುವಾಗಿದೆ. ಯಾರಿಗೆ ಕತ್ತಿ ಕೊಡಬೇಕು ಯಾರಿಗೆ ಕೊಡಬಾರದು ಎಂದು ಹೇಳುವವನು ಎವರಿಸ್ತ್. ಓಣಿಯ ಪ್ರತಿ ಮನೆಯಿಂದ ಒಬ್ಬರಾದರೂ ಹೋಗುತ್ತಿದ್ದಾರೆ.

ಬೊಬೊಯ್‌ನನ್ನು ಕೇಳಿದೆ. ಅವನು ಕತ್ತಿ ಮಸೆಯುತ್ತಿದ್ದ, ತಲೆ ಎತ್ತಲಿಲ್ಲ.

"ಅಕ್ಕಾ, ನೀನು ನಮ್ಮವಳು ಅಂತ ಈ ಕಲ್ಲಿಗೂ ಗೊತ್ತು. ಆದ್ರೆ ಮೂರು ಮಕ್ಕಳು ಹೊಟ್ಟೆ ಬಡ್ಕೊಳ್ತಾವೆ. ನಾನು ಅಲ್ಲಿ ಬಂದು ಬಾಯಿ ತೆಗೆದ್ರೆ ನಾಳೆ ಈ ಕತ್ತಿ ಇನ್ನೊಬ್ಬನ ಕೈಲಿರುತ್ತೆ."

ಉಳಿದವರೂ ಅಷ್ಟೇ. ಒಬ್ಬಳಿಗೆ ಅವತ್ತೇ ಹಲ್ಲು ನೋವು ಬರುವುದಿದೆಯಂತೆ. ಯಾರ ಮೇಲೂ ಸಿಟ್ಟು ಬರುತ್ತಿಲ್ಲ. ಬರೀ ಹೆದರಿಕೆ.

ಮಾರ್ಚ್ ೧೯, ಗುರುವಾರ

ಯಾರೂ ಇಲ್ಲ.

ಮಾರ್ಚ್ ೨೦, ಶುಕ್ರವಾರ

ಬೆಳಿಗ್ಗೆ ತಗಡಿನ ಮಾಡಿನ ಮೇಲೆ ಧಡ್ ಎಂದಿತು. ಕಲ್ಲು ಎಸೆದರು ಎಂದು ಕಿರುಚಿಕೊಂಡು ಮಂಚದ ಕೆಳಗೆ ತೂರಿದೆ. ಈ ವಯಸ್ಸಿನಲ್ಲಿ ತೂರುವುದು ಸುಲಭ, ಹೊರಗೆ ಬರುವುದು ಕಷ್ಟ. ಹೋಗಿ ನೋಡಿದರೆ ಪಕ್ಕದ ಮರದಿಂದ ದೀವಿಹಲಸಿನ ಕಾಯಿ ಬಿದ್ದಿದೆ. ಸುಟ್ಟು ತಿಂದೆ.

ಮಧ್ಯಾಹ್ನ ಕಂದೀಲು ಪಕ್ಷದ ವ್ಯಾನು ನಮ್ಮ ಓಣಿಯ ಬಾಯಲ್ಲಿ ನಿಂತಿತು. ಹಾಡು ನಿಲ್ಲಿಸಿ, ಮೈಕಿನಲ್ಲಿ "ಊರಿನವರಲ್ಲದವರು ಊರಿನ ಹಣೆಬರಹ ಬರೆಯೋದು ಬೇಡ" ಎಂದರು. ಎಲ್ಲ ಕೊಲ್ಲಿಗಳಲ್ಲೂ ಅದನ್ನೇ ಹೇಳುತ್ತಾರಂತೆ. ನನಗಂತೂ ನನ್ನ ಕಿಟಕಿಗೇ ಮುಖ ಮಾಡಿ ಹೇಳಿದಂತೆ ಕೇಳಿಸಿತು. ಪರದೆ ಎಳೆದೆ. ಹಗ್ಗದ ಮೇಲಿನ ಬಟ್ಟೆಯನ್ನೂ ಒಳಗೆ ತಂದೆ.

ಈಗ ಮನಸ್ಸು ಏನೇನೋ ಹೇಳುತ್ತದೆ. ಮಾ ಜಿಜಿ ಶಿಲುಬೆ ಮುಟ್ಟಿ ಇಲ್ಲ ಎಂದಳಲ್ಲ, ಅವಳಿಗೆ ನಿಜವಾಗಿ ಗೊತ್ತಿರಲಿಲ್ಲವೇ? ನನ್ನ ನಾಮಕರಣದ ದಿನ ಅವಳು ಚರ್ಚಿನಲ್ಲಿದ್ದಳೆಂದು ಅಮ್ಮ ಹೇಳುತ್ತಿದ್ದಳು. ಗೊತ್ತಿದ್ದೂ ಹೇಳಿದಳೇ? ನಾನು ವಾಪಸ್ ಬಂದದ್ದು ಅವಳಿಗೂ ಬೇಡವಾಗಿತ್ತೇ? ಇವತ್ತು ಅವಳ ಜಗಲಿಯ ಮುಂದೆ ಹೋಗುವಾಗ ತಲೆ ತಿರುಗಿಸಿಕೊಂಡು ಹೋದೆ.

ಮಾರ್ಚ್ ೨೨, ಭಾನುವಾರ

ಪೂಜೆ ಮುಗಿದ ಮೇಲೆ ಮಾ ಜಿಜಿ ಬಂದಳು. ಕೋಲು ಊರಿಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿದಳು. ಕುಳಿತವಳೇ "ಕೋಕೋ ಚಹಾ ಇದ್ರೆ ಕೊಡು, ಜಾಜಿಕಾಯಿ ಜಾಸ್ತಿ ತುರಿ" ಎಂದಳು. ಪೂರ್ತಿ ಕುಡಿದ ಮೇಲೆ ಕೇಳಿದಳು:

"ಏನೇ, ಮುಖ ತಿರುಗಿಸ್ಕೊಂಡು ಹೋಗ್ತೀಯಂತೆ?"

"ಅವನಿಗೆ ಯಾಕೆ ಇಲ್ಲ ಅಂದೆ, ಮಾ? ನಿನಗೆ ನನ್ನ ಹೆಸರು ಗೊತ್ತಿಲ್ವಾ?" ಕೇಳುವಾಗಲೇ ಅಳು ಬಂತು.

"ಗೊತ್ತಿದ್ದಕ್ಕೇ ಅಂದೆ ಕಣೇ, ಪೆದ್ದಿ. ಬೊಬೊಯ್‌ಗೆ ಗೊತ್ತಿಲ್ಲ, ಅವನ ಮಾತು ಬಿಡು. ನನಗೆ ಗೊತ್ತು. ಗುರುತಿಲ್ಲದವನು ಒಬ್ಬ ರಸ್ತೇಲಿ ನಿಂತು ನಿನ್ನ ನಿಜದ ಹೆಸರು ಕೂಗ್ತಾ ಇದಾನೆ. ಇಗೋ ಇಲ್ಲಿದಾಳೆ, ತಗೊಂಡು ಹೋಗು ಅಂತ ತೋರಿಸ್ಲಾ? ನನ್ನ ತಂಗೀನ ಹೀಗೇ ನಡು ಮಧ್ಯಾಹ್ನ ಯಾರೋ ಕೂಗಿದ್ರು. ಓ ಅಂದ್ಲು. ಹೊರಗೆ ಹೋಗಿ ನೋಡಿದ್ರೆ ಯಾರೂ ಇಲ್ಲ. ಆ ವಾರ ದಾಟಲಿಲ್ಲ ಅವಳು. ನಿನ್ನಮ್ಮ ಸಾಯುವಾಗ ಹುಡುಗೀನ ನೋಡ್ಕೋ ಅಂದಿದ್ಲು. ನೋಡ್ಕೊಂಡೆ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎರಡು ದಿನದಿಂದ ನಾನು ಏನೆಲ್ಲ ಅಂದುಕೊಂಡಿದ್ದೆ.

ಅವಳು ಸೆರಗಿನಷ್ಟು ದೊಡ್ಡ ಕರವಸ್ತ್ರದ ಗಂಟು ಬಿಚ್ಚಿ ಒಂದು ಕಾರ್ಡು ಮೇಜಿನ ಮೇಲೆ ಬೋರಲು ಹಾಕಿದಳು. ಮತದಾರರ ಗುರುತಿನ ಕಾರ್ಡು. ಪಿಂಚಣಿಗೆ ಬೇಕೆಂದು ಯಾವಾಗಲೋ ಮಾಡಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟದ್ದು. ಅದನ್ನು ಹಿಡಿದು ಒಂದು ಸಲವೂ ಓಟು ಹಾಕಲು ಹೋದವಳಲ್ಲ. ಮತಗಟ್ಟೆಯಲ್ಲಿ ಪಕ್ಷದ ಏಜೆಂಟರಿಗೆಲ್ಲ ಕೇಳಲಿ ಎಂದು ಹೆಸರನ್ನು ಗಟ್ಟಿಯಾಗಿ ಓದುತ್ತಾರಲ್ಲ, ಅದಕ್ಕೆ.

"ಎವರಿಸ್ತ್ ನನಗೆ ಕತ್ತಿ ಕೊಡೋದೂ ಬೇಡ, ಕಿತ್ಕೊಳ್ಳೋದೂ ಬೇಡ. ನಿನ್ನ ಇಲ್ಲ ಅಂದದ್ದು ಈ ಬಾಯಿ. ಇದಾಳೆ ಅನ್ನೋದೂ ಇದೇ ಬಾಯಿ."

"ಮಾ, ಅಲ್ಲಿ ನಿನ್ನ ಹೆಸರು ಕೂಗ್ತಾರೆ. ನೀನೂ ಬಾಯಿಬಿಟ್ಟು ಹೇಳ್ಬೇಕು, ಎಲ್ಲರ ಮುಂದೆ."

"ಗೊತ್ತು" ಎಂದಳು. ಚಹಾ ಮುಗಿದಿತ್ತು, ಆದರೂ ಕಪ್ಪನ್ನು ಕೆಳಗಿಡಲಿಲ್ಲ.

ಮಾರ್ಚ್ ೨೪, ಮಂಗಳವಾರ

ನಿದ್ದೆಯಿಲ್ಲ. ಅವಳ ವಯಸ್ಸಿನಲ್ಲಿ ಹೆದರಿಕೆಯೇ ಸಾಕು ಪ್ರಾಣ ತೆಗೆಯಲು, ಬೇರೆ ಯಾವ ಭೂತವೂ ಬೇಕಿಲ್ಲ. ನನ್ನ ಒಂದು ಓಟಿಗೆ ಮಾ ಜಿಜಿಯ ಜೀವ ಒತ್ತೆ ಇಡುವುದೇ? ಜೈಲು ಎಂಬ ಮಾತು ಇವತ್ತು ಒಂದು ಸಲವೂ ನೆನಪಾಗಲಿಲ್ಲ, ಈಗ ಬರೆಯುವಾಗಲೇ ನೆನಪಾದದ್ದು.

ಎವರಿಸ್ತ್ ಮನೆಗೆ ಹೋದೆ. ಅರ್ಜಿ ಹಿಂದೆಗೆಯುವ ಕಾಗದ ಕೊಡು, ಸಹಿ ಹಾಕುತ್ತೇನೆ ಎಂದೆ. ಅವನ ಮುಖಕ್ಕೆ ಜೀವ ಬಂತು. ಪೆನ್ನು ಹುಡುಕಲು ಒಳಗೆ ಹೋದ. ಅಷ್ಟರಲ್ಲಿ ಯಾರು ಹೇಳಿದರೋ, ಮಾ ಜಿಜಿ ಬೇಲಿಯ ಆಚೆ ನಿಂತಿದ್ದಳು, ಏದುಸಿರು ಬಿಡುತ್ತಾ.

"ತಿತಿನ್! ಬಾರೇ ಹೊರಗೆ! ನಾನು ಇಪ್ಪತ್ತಾರಕ್ಕೆ ಅಂತ ಕೆಂಪು ಲಂಗ ಇಸ್ತ್ರಿ ಮಾಡಿಟ್ಟಿದೀನಿ. ಈಗ ಇವಳಿಗೆ ದಯೆ ಉಕ್ಕಿ ಬಂತು. ನನ್ನ ಸಾವಿಗೆ ನೀನು ಲೆಕ್ಕ ಬರೀಬೇಡ. ಬಾ ಅಂದ್ರೆ ಬಾ!"

ಎಳೆಯ ಹುಡುಗಿಯ ಹಾಗೆ ಅವಳ ಹಿಂದೆ ಬಂದೆ. ಪೆನ್ನು ಹಿಡಿದು ಎವರಿಸ್ತ್ ಬಾಗಿಲಲ್ಲೇ ಉಳಿದ.

ಮಾರ್ಚ್ ೨೬, ಗುರುವಾರ

ಬೇಗ ಬೇಗ ಗೀಚುತ್ತಿದ್ದೇನೆ, ಅಕ್ಷರ ಓದಲು ಬಂದರೆ ಸಾಕು.

ಶಿಶುಶಾಲೆಯ ಅಂಗಳದಲ್ಲಿ ಅರ್ಧ ಓಣಿ ಸೇರಿತ್ತು. ಸಾಕ್ಷಿ ಹೇಳಲು ಬಾರದವರು ನೋಡಲು ಮಾತ್ರ ಬಂದಿದ್ದರು. ಬೊಬೊಯ್ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಾದಾಮಿ ಮರದ ಕೆಳಗೆ ನಿಂತಿದ್ದ. ನಾನೂ ಮಾ ಜಿಜಿಯೂ ಮಕ್ಕಳ ಗಿಡ್ಡ ಬೆಂಚಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಗಲುವಂತೆ ಕೂತಿದ್ದೆವು. ಮಾ ಜಿಜಿಯದು ಕೆಂಪು ಲಂಗ, ಬಿಳಿ ರವಿಕೆ, ತಲೆಗೆ ಹಬ್ಬದ ವಸ್ತ್ರ. ಅವಳ ಕಾರ್ಡನ್ನು ಒಳಗೆ ಕೊಟ್ಟಾಗಿತ್ತು.

ನೋಂದಣಿ ಅಧಿಕಾರಿ ಪಟ್ಟಣದಿಂದ ಬಂದ ಹೆಂಗಸು, ಮಿಸ್ ಲೊರಾನ್ಸೆ. ಬಾಗಿಲಿಗೆ ಬಂದು ಕಾರ್ಡು ನೋಡಿ, ಮಾ ಜಿಜಿಯ ಹೆಸರನ್ನು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು.

ಯಾರಿಗೂ ಆ ಹೆಸರು ಯಾರದೆಂದು ಗೊತ್ತಿಲ್ಲ. ಮರುಕ್ಷಣ ಎಲ್ಲರಿಗೂ ಗೊತ್ತಾಯಿತು, ಮಾ ಜಿಜಿಯ ಮುಖ ನೋಡಿ. ಅವಳ ಉಗುರು ನನ್ನ ಮುಂಗೈಗೆ ಇಳಿದಿತ್ತು. ತುಟಿ ಬಿಗಿದಿತ್ತು.

ಮಿಸ್ ಲೊರಾನ್ಸೆ ಎರಡನೆಯ ಸಲ ಕೂಗಿದಳು.

ಮಾ ಜಿಜಿ ಮೂರನೆಯದಕ್ಕೆ ಕಾಯುತ್ತಿದ್ದಳು. ನನಗೆ ಅದು ಗೊತ್ತಿತ್ತು. ಮೂರನೆಯದು ಬರುವುದಿಲ್ಲ ಎಂಬುದೂ ಗೊತ್ತಿತ್ತು. ಮಿಸ್ ಲೊರಾನ್ಸೆ ಆಗಲೇ ಕಾರ್ಡು ಕೆಳಗಿಳಿಸಿ, "ಸಾಕ್ಷಿ ಗೈರುಹಾಜರು" ಎನ್ನುತ್ತಾ ಒಳಗೆ ತಿರುಗುತ್ತಿದ್ದಳು.

"ಓ!" ಎಂದೆ.

ಎದ್ದು ನಿಂತೇ ಕೂಗಿದ್ದೆ. ಅಂಗಳದ ಕೋಳಿಗಳು ಹಾರಿ ಓಡಿದವು.

ಮಿಸ್ ಲೊರಾನ್ಸೆ ಕಾರ್ಡಿನ ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಇದು ನೀವಾ?"

"ಅಲ್ಲಮ್ಮ. ಇವರು. ಓ ಅಂದದ್ದು ನಾನು."

"ಕರೆದದ್ದು ನಿಮ್ಮನ್ನಲ್ಲವಲ್ಲ."

"ಗೊತ್ತು. ಆದರೂ ಬರೆದುಕೊಳ್ಳಿ, ಓ ಅಂದದ್ದು ನಾನೇ." ಯಾರಿಗೆ ಹೇಳುತ್ತಿದ್ದೆನೋ. ಬಾದಾಮಿ ಮರದ ಕೆಳಗೆ ಯಾರೋ ಶಿಲುಬೆಯ ಗುರುತು ಹಾಕಿಕೊಂಡರು.

ಒಳಗೆ ಬೈಬಲ್ ಮುಟ್ಟಿಸಿ ಪೂರ್ಣ ಹೆಸರು ಹೇಳಿ ಎಂದರು. ಮಾ ಜಿಜಿ ಕಿಟಕಿ ಮುಚ್ಚಿಸಿದಳು. ಮಿಸ್ ಲೊರಾನ್ಸೆ ಸೆಖೆ ಎಂದಳು, ಮಾ ಜಿಜಿ ಸೆಖೆಯಿಂದ ಯಾರೂ ಸತ್ತಿಲ್ಲ ಎಂದಳು. ಎದುರು ಕುರ್ಚಿಯಲ್ಲಿ ಎವರಿಸ್ತ್. ಮಾ ಜಿಜಿ ಅವನನ್ನೇ ದಿಟ್ಟಿಸಿದಳು. ಅವನು ಆಚೀಚೆ ನೋಡಿದ, ಬೆವರು ಒರೆಸಿಕೊಂಡ, ಆಮೇಲೆ ಎರಡೂ ಕಿವಿಗೆ ಬೆರಳು ಹಾಕಿ ಕಣ್ಣು ಮುಚ್ಚಿಕೊಂಡ.

ಅವಳು ಹೆಸರು ಹೇಳಿದಳು. ದನಿ ಸಣ್ಣದಿತ್ತು, ಒಂದು ಅಕ್ಷರವೂ ತಪ್ಪಲಿಲ್ಲ. ಎಷ್ಟು ಚಂದದ ಹೆಸರು. ಇಲ್ಲಿ ಬರೆಯುವುದಿಲ್ಲ.

"ಮಿಸ್ಟರ್ ಪೋಲಿಯಸ್, ಏನು ಮಾಡ್ತಿದೀರಿ ನೀವು?"

"ಆಯ್ತಾ? ಮುಗೀತಾ?" ಎಂದು ಕಿವುಡನ ಹಾಗೆ ಕಿರುಚಿದ ಅವನು.

ಆಮೇಲೆಲ್ಲ ಬೇಗ. ನನ್ನನ್ನು ತೋರಿಸಿ ಇವರು ಗೊತ್ತೇ ಎಂದು ಕೇಳಿದರು. "ಇವಳು ಹುಟ್ಟುವಾಗ ಬಿಸಿನೀರು ಕಾಯಿಸಿದವಳು ನಾನು."

"ಹಾಗಾದ್ರೆ ನಮ್ಮ ಸಿಬ್ಬಂದಿಗೆ ಇಲ್ಲ ಅಂದ್ರಂತಲ್ಲ?"

"ಅವನು ಬೀದೀಲಿ ನಿಂತು ಕ್ಲೋತಿಲ್ಡಾನ ಕೂಗ್ದ. ತಿತಿನ್ ಮನೆ ಯಾವುದಜ್ಜಿ ಅಂತ ಮರ್ಯಾದೆಯಾಗಿ ಕೇಳಿದ್ರೆ ಕೈ ಹಿಡ್ಕೊಂಡು ಹೋಗಿ ಊಟಕ್ಕೆ ಕೂರಿಸ್ತಿದ್ದೆ."

ಏನಾದರೂ ಪ್ರಶ್ನೆ ಇದೆಯೇ ಎಂದು ಎವರಿಸ್ತ್‌ನನ್ನು ಕೇಳಿದರು. ಇಲ್ಲ ಎಂದ. ಆಕ್ಷೇಪಣೆ ತಿರಸ್ಕಾರವಾಯಿತು. ನನ್ನ ಹೆಸರು ಉಳಿಯಿತು.

ಖುಷಿಯಾಗಬೇಕಿತ್ತು. ಓ ಎಂದದ್ದು ನಾನು ಎಂಬುದು ಈಗ ಮೈಗೆ ಹತ್ತುತ್ತಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವಳು ನಾನೇ. ಬಾಗಿಲು ಹಾಕಿದೆನೋ ಇಲ್ಲವೋ ನೋಡಬೇಕು.

ಮಾರ್ಚ್ ೩೦, ಸೋಮವಾರ

ಮಾ ಜಿಜಿಗೆ ಜ್ವರ. ಮೈ ಕೆಂಡ. ನರ್ಸು ಬಂದು 'ಸೊಳ್ಳೆ ಜ್ವರ, ಊರೆಲ್ಲ ಇದೆ' ಎಂದಳು. ನರ್ಸಿಗೇನು ಗೊತ್ತು.

ಅವಳ ಮನೆಯಲ್ಲೇ ಇದ್ದೇನೆ. ನನ್ನ ಮನೆಯ ಬಾಗಿಲು ತೆರೆದೇ ಇದೆಯಂತೆ, ಬೊಬೊಯ್ ಹೇಳಿದ. ಇರಲಿ.

ಏಪ್ರಿಲ್ ೧, ಬುಧವಾರ

ಹಾಗೇ ಇದೆ. ಹೊಟ್ಟೆಯಲ್ಲಿ ಎಳನೀರೂ ನಿಲ್ಲುತ್ತಿಲ್ಲ. ಕಣ್ಣು ಮುಚ್ಚಿದ್ದಾಳೆಂದು ಮೆಲ್ಲಗೆ ಹೇಳಿದೆ: "ಓ ಅಂದವಳು ನಾನು, ಬರೋದಿದ್ರೆ ನನ್ನ ಹತ್ತಿರ ಬಾ. ಇವಳನ್ನು ಬಿಡು."

"ಬಾಯಿ ಮುಚ್ಚೇ" ಎಂದಳು ಮಾ ಜಿಜಿ, ಕಣ್ಣು ಬಿಡದೆ. "ಯಾರನ್ನೂ ಕರೀಬೇಡ. ಸುಮ್ನೆ ಕೂತ್ಕೋ."

ಸುಮ್ಮನೆ ಕೂತೆ. ಇಷ್ಟು ಹೆದರಿದ್ದು ನನ್ನ ಗಂಡನ ಆಸ್ಪತ್ರೆಯಲ್ಲೂ ಇಲ್ಲ.

ಏಪ್ರಿಲ್ ೫, ಈಸ್ಟರ್ ಭಾನುವಾರ

ಬೆಳಿಗ್ಗೆ ಎದ್ದು ಕೂತು ಹಸಿಬಾಳೆಕಾಯಿ, ಉಪ್ಪುಮೀನು ಕೇಳಿದಳು. ಉಪವಾಸದ ನಲವತ್ತು ದಿನ ಮಾಂಸ ಬಿಟ್ಟು ಉಪ್ಪುಮೀನು ತಿಂದು ನನಗೆ ಸಾಕಾಗಿದೆ, ಇವತ್ತು ಕೋಳಿ ಎಂದೆ. "ಸಾಯೋಳ ಮಾತಿಗೆ ಬೆಲೆ ಇಲ್ವಾ ಈ ಮನೇಲಿ?" ಎಂದಳು. ಎರಡನ್ನೂ ಮಾಡಿದೆ. ಎರಡನ್ನೂ ತಿಂದಳು.

ಏಪ್ರಿಲ್ ೨೭, ಸೋಮವಾರ

ಮತದಾನ ಇವತ್ತು. ನಾನು ಬೇಡವೆಂದರೂ ಕೇಳದೆ ಮಾ ಜಿಜಿಯೂ ಹೊರಟಳು, ಅದೇ ಕೆಂಪು ಲಂಗ. "ಒಂದ್ಸಲ ಕೂಗಿಸ್ಕೊಂಡಾಯ್ತು. ಇನ್ನೊಂದ್ಸಲ ಕೂಗಿದ್ರೆ ಏನಂತೆ" ಎಂದಳು. ದಾರಿಯುದ್ದಕ್ಕೂ ಜಪಮಾಲೆ ತಿರುಗಿಸುತ್ತಿದ್ದಳು.

ಕ್ಯೂನಲ್ಲಿ ನಾನು ಮುಂದೆ. ಗುಮಾಸ್ತೆ ಏಜೆಂಟರ ಕಡೆ ತಿರುಗಿ "ಕ್ಲೋತಿಲ್ಡಾ ಪ್ರೊಸ್ಪೇರ್" ಎಂದು ಕೂಗಿದಳು, ಮಾತು ಮುಗಿಯುವ ಮೊದಲೇ ಓ ಎಂದು ಒಳಗೆ ಹೋದೆ. ಓಟು ಹಾಕಿ, ಬೆರಳನ್ನು ಶಾಯಿಯಲ್ಲಿ ಅದ್ದಿ, ಹೊರಗೆ ಹೋಗದೆ ಬಾಗಿಲಲ್ಲೇ ನಿಂತೆ. ಮುಂದಿನದು ಅವಳು.

ಗುಮಾಸ್ತೆ ಕಾರ್ಡು ಎತ್ತಿ ಬಾಯಿ ತೆರೆದಳು. ಆಗ ಹಿಂದಿನಿಂದ ಬೊಬೊಯ್ ಕೆಮ್ಮಿದ. ಸಣ್ಣ ಕೆಮ್ಮಲ್ಲ, ಕರುಳು ಕಿತ್ತು ಬರುವಂಥದ್ದು. ಅವನ ಹಿಂದಿನವಳು ಕೆಮ್ಮಿದಳು. ಆಮೇಲೆ ಇಡೀ ಕ್ಯೂ, ಅಂಗಳದಿಂದ ರಸ್ತೆಯವರೆಗೆ. ಒಳಗೆ ಏಜೆಂಟರ ಬೆಂಚಿನ ಮೇಲೆ ಕಂದೀಲಿನ ಬಿಲ್ಲೆ ಸಿಕ್ಕಿಸಿಕೊಂಡು ಕೂತ ಎವರಿಸ್ತ್ ಎಲ್ಲರಿಗಿಂತ ಗಟ್ಟಿಯಾಗಿ ಕೆಮ್ಮುತ್ತಿದ್ದ, ಕಣ್ಣಲ್ಲಿ ನೀರು ಬರುವಷ್ಟು. ಗುಮಾಸ್ತೆಯ ತುಟಿ ಆಡಿದ್ದು ಕಂಡಿತು, ದನಿ ಯಾರಿಗೂ ಕೇಳಲಿಲ್ಲ.

"ಏನ್ರೀ ಇದು, ಊರಿಗೆಲ್ಲ ಒಟ್ಟಿಗೇ ಕೆಮ್ಮಾ?"

"ರಸ್ತೆ ಕೆಲಸದ ಧೂಳು, ಮೇಡಂ" ಎಂದ ಬೊಬೊಯ್.

ಮಾ ಜಿಜಿ ಹೊರಗೆ ಬಂದಳು, ಲಂಗಕ್ಕೆ ತಗಲದಂತೆ ಶಾಯಿಯ ಬೆರಳನ್ನು ಎತ್ತಿ ಹಿಡಿದುಕೊಂಡು. ನನ್ನ ಹತ್ತಿರ ನಿಂತು ಸುತ್ತ ನೋಡಿದಳು.

"ನನ್ನ ಹೆಸರು ಯಾರಾದ್ರೂ ಕೇಳಿಸ್ಕೊಂಡ್ರಾ?"

"ಯಾವ ಹೆಸರು, ಮಾ?" ಎಂದೆ.

ಅವಳು ನನ್ನ ಕೆನ್ನೆಗೆ ಮೆಲ್ಲಗೆ ಒಂದೇಟು ಕೊಟ್ಟಳು. ಯಾರು ಗೆದ್ದರೆಂದು ರೇಡಿಯೋ ಇನ್ನೂ ಹೇಳಿಲ್ಲ. ಕೆನ್ನೆಯ ಮೇಲೆ ಶಾಯಿ ಹತ್ತಿದೆ, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿಲ್ಲ.